ಉಗ್ರಾಣದಲ್ಲಿ ಕೇಳಿದ ಪ್ರಶ್ನೆ

ಇಲ್ಲ ಎಂದು ಬರೆಯುವುದೇ ಆ ಮೂರು ತಿಂಗಳು ನನ್ನ ಕೆಲಸವಾಗಿತ್ತು. ಬರಿದೇ 'ಇಲ್ಲ' ಎಂದರೆ ನಡೆಯದು, ಅದಕ್ಕೊಂದು ಕಾರಣ ಬೇಕು. ಆ ಕಾರಣವನ್ನು ಹುಡುಕಿ ತೆಗೆಯುವುದರಲ್ಲಿ ನಾನು ನಿಪುಣ ಎಂದು ನಮ್ಮ ವಿಭಾಗದಲ್ಲಿ ಹೆಸರಿತ್ತು. ಆ ಹೆಸರಿನ ಬಗ್ಗೆ ನನಗೆ ಹೆಮ್ಮೆಯೂ ಇತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ವ್ಯಾಪಾರ ಮಂದವಾಗಿತ್ತು, ತೆರಿಗೆ ಅಂದುಕೊಂಡಷ್ಟು ಬಂದಿರಲಿಲ್ಲ, ಸರ್ಕಾರದ ಖಜಾನೆ ತಳ ಕಾಣುತ್ತಿತ್ತು. ರಾಜಧಾನಿಯ ಸಚಿವಾಲಯದಲ್ಲಿ ಆಯವ್ಯಯ ನೋಡುವ ನಮ್ಮ ವಿಭಾಗಕ್ಕೆ ಒಂದೇ ಪುಟದ ಸುತ್ತೋಲೆ ಬಂತು. ಹೊಸ ಖರ್ಚು ಯಾವುದನ್ನೂ ಒಪ್ಪಬೇಡಿ. ಹಳೆಯ ಖರ್ಚಿನಲ್ಲಿ ಎಲ್ಲಿ ಕಡಿಯಬಹುದೋ ಅಲ್ಲಿ ಕಡಿಯಿರಿ. ಸಂಬಳ, ಪಿಂಚಣಿ, ಸಾಲದ ಬಡ್ಡಿ ಇವುಗಳನ್ನು ಮುಟ್ಟುವಂತಿರಲಿಲ್ಲ. ಉಳಿದದ್ದು ಸೂಜಿ, ಔಷಧಿ, ಚಾಕ್‌ಪೀಸು, ಮಕ್ಕಳ ಊಟ. ದೊಡ್ಡವನ್ನು ಮುಟ್ಟಲಾಗದವರು ಸಣ್ಣದರ ಮೇಲೆ ಕೈ ಹಾಕುತ್ತಾರೆ, ನಾವೂ ಅದನ್ನೇ ಮಾಡಿದೆವು.

ಬಡ ಮಕ್ಕಳ ಸರ್ಕಾರಿ ಹಾಸ್ಟೆಲ್‌ಗಳ ಕಡತ ನನ್ನ ಮೇಜಿನದು. ಒಂದು ಮಗುವಿನ ಒಂದು ತಿಂಗಳ ಊಟಕ್ಕೆ ಇಷ್ಟು ಎಂದು ಸರ್ಕಾರ ಒಂದು ದರ ಇಟ್ಟಿರುತ್ತದೆ. ಬೇಳೆ ಎಣ್ಣೆಗಳ ಬೆಲೆ ಏರಿದೆ, ಆ ದರವನ್ನು ಏರಿಸಿ ಎಂದು ಹಾಸ್ಟೆಲ್ ನಡೆಸುವ ಇಲಾಖೆ ಕೇಳಿತ್ತು. ಕೇಳಿದ್ದು ನ್ಯಾಯವಾಗಿತ್ತು. ನಮ್ಮ ಉಪಕಾರ್ಯದರ್ಶಿಗಳು ಕಡತವನ್ನು ನನ್ನ ಕೈಗಿಟ್ಟು, "ಮಕ್ಕಳ ಊಟ ನೋಡಿ, ಸುಮ್ಮನೆ ತಳ್ಳಿಹಾಕಿದರೆ ಸಭೆಯಲ್ಲಿ ನಮ್ಮ ಮರ್ಯಾದೆ ಹೋಗುತ್ತದೆ. ಗಟ್ಟಿಯಾದ ಆಧಾರ ಬೇಕು," ಎಂದರು. ಅವರು ಕೆಟ್ಟವರಲ್ಲ. ಮಧ್ಯಾಹ್ನ ತಮ್ಮ ಡಬ್ಬಿಯ ಮೊಸರನ್ನದಲ್ಲಿ ಅರ್ಧ ನಮಗೇ ಕೊಡುತ್ತಿದ್ದವರು.

ನಾಲ್ಕು ದಿನ ಜಿಲ್ಲೆಗಳಿಂದ ಬಂದ ಪಟ್ಟಿಗಳನ್ನು ಜಾಲಾಡಿದೆ. ಎಲ್ಲ ಹಾಸ್ಟೆಲ್‌ಗಳೂ ಕೊಟ್ಟ ಹಣವನ್ನು ಪೂರ್ತಿ ಖರ್ಚು ಮಾಡಿದ್ದವು, ಕೆಲವು ಅಂಗಡಿಯವರ ಬಾಕಿ ಉಳಿಸಿಕೊಂಡಿದ್ದವು. ಐದನೆಯ ದಿನ ಒಂದು ಅನುಬಂಧದ ಕೊನೆಯ ಸಾಲಿನಲ್ಲಿ ನನ್ನ ಬೆರಳು ನಿಂತಿತು. ಒಂದು ಹಾಸ್ಟೆಲ್ ಮಾತ್ರ ವರ್ಷ ವರ್ಷವೂ ಮಾರ್ಚ್‌ನಲ್ಲಿ ಊಟದ ಹಣ ಉಳಿಸಿ ಸರ್ಕಾರಕ್ಕೆ ವಾಪಸು ಕಟ್ಟಿತ್ತು. ಊರಿನ ಹೆಸರು ಓದಿದೆ. ತಮಿಳು ರಾಜ್ಯಕ್ಕೆ ಸೇರಿದರೂ ಕನ್ನಡ ಆಡುವ ತಾಳವಾಡಿ ಬೆಟ್ಟದ ಮೇಲಿನ ಆ ಊರು ನನ್ನದೇ. ಆ ಹಾಸ್ಟೆಲ್‌ನ ಜಗಲಿಯ ಮೇಲೆ ಐದು ವರ್ಷ ಉಂಡು ಬೆಳೆದವನು ನಾನು.

ಹಣ ಏಕೆ ಉಳಿಯುತ್ತದೆ ಎಂದು ಇಡೀ ಸಚಿವಾಲಯದಲ್ಲಿ ಗೊತ್ತಿದ್ದವನು ನಾನೊಬ್ಬನೇ. ನಮ್ಮ ಕಡೆ ರಾಗಿ ಬಡಿದು ಕಣದಲ್ಲಿ ರಾಶಿ ಹಾಕಿದಾಗ, ಮನೆಗೆ ಸಾಗಿಸುವ ಮುಂಚೆ ಊರಿನ ಕ್ಷೌರಿಕರಿಗೆ, ಮಡಿವಾಳರಿಗೆ, ಕಮ್ಮಾರರಿಗೆ ಪಾಲು ಅಳೆದು ಕೊಡುತ್ತಾರೆ. ಅದಕ್ಕೆ ಆಯ ಎನ್ನುತ್ತಾರೆ. ಹಾಸ್ಟೆಲ್‌ನ ಅಡುಗೆಯವಳು ಆ ಆಯದಲ್ಲಿ ಮಕ್ಕಳದ್ದೊಂದು ಪಾಲು ಸೇರಿಸಿದ್ದಳು. ನಮ್ಮಂತೆಯೇ ಕೂಲಿ ಮನೆಯ ಹೆಂಗಸು. ನಾವೆಲ್ಲ ದೊಡ್ಡವ್ವ ಎನ್ನುತ್ತಿದ್ದೆವು. ಸುಗ್ಗಿಯಲ್ಲಿ ಕುಕ್ಕೆ ಹಿಡಿದು ಕಣದಿಂದ ಕಣಕ್ಕೆ ಹೋಗಿ, "ನಂಗಲ್ಲ ಗೌಡ್ರೆ, ಮಕ್ಕಳ್ಗ," ಎಂದು ನಿಲ್ಲುತ್ತಿದ್ದಳು. ಮೊದಮೊದಲು ಕಣದ ಅಂಚಿನಲ್ಲಿ ನಿಲ್ಲಿಸಿದವರು ಆಮೇಲೆ ಅವಳು ಬರುವವರೆಗೆ ರಾಶಿ ಎತ್ತುತ್ತಿರಲಿಲ್ಲ. ಹಾಗೆ ಬಂದ ರಾಗಿ, ಅವರೆಕಾಳು ಹಾಸ್ಟೆಲ್‌ಗೆ ಎಂಟು ಹತ್ತು ತಿಂಗಳ ಸಂಜೆಯ ಊಟ. ಆದ್ದರಿಂದಲೇ ಹಣ ಉಳಿಯುತ್ತಿತ್ತು. ಉಳಿದದ್ದನ್ನು ಬೇರೆಯವರಾಗಿದ್ದರೆ ಏನು ಮಾಡುತ್ತಿದ್ದರೋ, ನಮ್ಮ ವಾರ್ಡನ್ ಮಾತ್ರ ಕಾಸು ಬಿಡದೆ ಹಿಂದಿರುಗಿಸುತ್ತಿದ್ದರು.

ಇದನ್ನೆಲ್ಲ ಬಲ್ಲ ನಾನು ಆ ಪಟ್ಟಿಯನ್ನು ಮಡಚಿ ಪಕ್ಕಕ್ಕಿಡಬಹುದಿತ್ತು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಏನೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ನಾಲ್ಕು ದಿನ ಹುಡುಕಿದವನಿಗೆ ಬೇಕಾದದ್ದು ಸಿಕ್ಕಾಗ ಆಗುವ ಖುಷಿಯೇ ಬೇರೆ. ಕಡತ ಹಿಡಿದು ಉಪಕಾರ್ಯದರ್ಶಿಗಳ ಕೋಣೆಗೆ ಹೆಚ್ಚುಕಡಿಮೆ ಓಡಿದೆ.

"ಇರುವ ದರದಲ್ಲೇ ಊಟ ಹಾಕಿ ಮಿಗಿಸುವ ಹಾಸ್ಟೆಲ್ ಒಂದಿದೆ ಸರ್. ಅದೂ ಬೆಟ್ಟದ ಮೇಲೆ, ಸಾಗಾಟದ ಖರ್ಚು ಜಾಸ್ತಿ ಇರುವ ಕಡೆ," ಎಂದೆ.

ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಮಕ್ಕಳನ್ನು ಉಪವಾಸ ಕೆಡವಿ ಮಿಗಿಸುತ್ತಿದ್ದಾರೋ ಏನೋ. ನೀವು ಆ ಕಡೆಯವರೇ ಅಲ್ಲವೇ? ಹೋಗಿ ಕಣ್ಣಾರೆ ನೋಡಿ ಬನ್ನಿ."

ನನ್ನ ಕೈಗೆ ಒಂದು ನಮೂನೆ ಕೊಟ್ಟರು. ಮಕ್ಕಳ ಸಂಖ್ಯೆ, ದಾಸ್ತಾನು, ಅಡುಗೆಯವರ ಹೇಳಿಕೆ, ಮತ್ತು ಕೊನೆಯಲ್ಲಿ ಒಂದು ಅಂಕಣ: ಸರ್ಕಾರದ ಹಣವಲ್ಲದೆ ಇತರ ಮೂಲಗಳೇನಾದರೂ ಇವೆಯೇ? ಆ ಅಂಕಣವನ್ನು ಸೇರಿಸಿದವರು ಅವರೇ. ಅಂದರೆ ಆ ಮನುಷ್ಯ ಬಾಗಿಲನ್ನು ತೆರೆದೇ ಇಟ್ಟಿದ್ದರು.

ಸತ್ಯಮಂಗಲದಿಂದ ಬಸ್ಸು ದಿಂಬಂ ಘಾಟಿಯ ತಿರುವುಗಳನ್ನು ಹತ್ತಿ ತಾಳವಾಡಿ ತಲುಪುವ ಹೊತ್ತಿಗೆ ಬೆಳಗಿನ ಹತ್ತು ಗಂಟೆ. ಅಲ್ಲಿಂದ ಊರಿಗೆ ನಡೆದೇ ಹೋದೆ. ದಾರಿಯಲ್ಲಿ ರಾಗಿಯ ಹೊಲಗಳ ನಡುವೆ ಅಲ್ಲಲ್ಲಿ ಎಲೆಕೋಸು ಹಾಕಿದ್ದರು. ಇದೇನು ಹೊಸದು ಎಂದುಕೊಂಡೆ. ಅಷ್ಟಕ್ಕೆ ಬಿಟ್ಟೆ.

ದೊಡ್ಡವ್ವ ಹಾಸ್ಟೆಲ್ ಹಿತ್ತಿಲಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದಳು. ನನ್ನ ಪ್ಯಾಂಟು, ಚೀಲ, ಕಡತ ನೋಡಿ ಮೊದಲು ಎದ್ದು ನಿಂತಳು. ಗುರುತು ಹತ್ತಿದ ಮೇಲೆ ಸೊಪ್ಪಿನ ಕೈಯಲ್ಲೇ ನನ್ನ ಗಲ್ಲ ಹಿಡಿದಳು.

"ಅಯ್ಯೋ, ನೀನಾ ಮಗ! ಯಾವನೋ ಆಪೀಸರ್ ಬಂದಾನೆ ಅಂತ ಎದೆ ಒಡ್ಕತ್ತು ಕಣ್ಲಾ. ನಮ್ ಉಡ್ಗನೇ ಆಪೀಸರಾ?"

"ಹ್ಞೂಂ ದೊಡ್ಡವ್ವ, ಹಾಸ್ಟೆಲ್ ಹೇಗೆ ನಡೀತಿದೆ ಅಂತ ನೋಡಕ್ಕೆ ಕಳಿಸವ್ರೆ."

"ನೋಡು, ಎಲ್ಲಾನೂ ನೋಡು. ನಿನ್ ಕಣ್ಣಿಂದ ನೋಡಿ ಮ್ಯಾಲಕ್ಕ ಬರಿ. ನಮ್ ಊರ್ಗ ಒಂದ್ ಒಳ್ಳೆ ಎಸ್ರು ಬರ್ಲಿ."

ನನ್ನನ್ನು ನೇರ ಉಗ್ರಾಣಕ್ಕೆ ಕರೆದೊಯ್ಯಲು ಹೊರಟಳು. ಇಲ್ಲಿ ನಾನು ಮಾಡಿದ್ದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹೊರಗಿನವರಿಗೆ ಅದರಲ್ಲಿ ತಪ್ಪೇ ಕಾಣುವುದಿಲ್ಲ. ನಮ್ಮಲ್ಲಿ ಧಾನ್ಯದ ಮುಂದೆ ನಿಂತು ಯಾರೂ ಕೊರತೆಯ ಮಾತು ಆಡುವುದಿಲ್ಲ. ಕಣದಲ್ಲಿ ರಾಶಿ ಅಳೆಯುವಾಗ ಮೊದಲನೆಯ ಅಳತೆಯನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಉಗ್ರಾಣದಲ್ಲೂ ಹಾಗೆಯೇ. ತಳದಲ್ಲಿ ಒಂದು ಹಿಡಿ ರಾಗಿ ಇದ್ದರೂ ಅದರ ಎದುರಿಗೆ ಸಾಲದು, ಕಮ್ಮಿ ಎಂದು ಬಾಯಿ ಬಿಟ್ಟರೆ ಇರುವುದೂ ಹೋಗುತ್ತದೆ ಎಂಬ ನಂಬಿಕೆ. ಕಷ್ಟ ಹೇಳಿಕೊಳ್ಳುವವರು ಹೊರಗೆ ಬಂದು, ಕೈ ತೊಳೆದು ಹೇಳುತ್ತಾರೆ.

ನನಗೆ ಇದು ಗೊತ್ತಿತ್ತು. ಕಡತ ತೆರೆದು ಅವಳ ಹೇಳಿಕೆ ಬರೆದುಕೊಳ್ಳಲು ಜಗಲಿಯಿತ್ತು, ಹಿತ್ತಿಲಿತ್ತು, ಬೇವಿನ ಮರದ ನೆರಳಿತ್ತು. ನಾನು ಉಗ್ರಾಣದೊಳಗೆ ರಾಗಿ ಮೂಟೆಗಳ ಮುಂದೆ ನಿಂತು, ಪೆನ್ನಿನ ಮುಚ್ಚಳ ತೆಗೆದು ಕೇಳಿದೆ.

"ದೊಡ್ಡವ್ವ, ಮಕ್ಕಳ ಊಟಕ್ಕೆ ಏನಾದರೂ ಕೊರತೆ ಇದೆಯಾ?"

ಅವಳು ಮೂಟೆಗಳ ಕಡೆ ನೋಡಿದಳು. ಸೆರಗು ಸರಿಮಾಡಿಕೊಂಡಳು. "ಏನೂ ಕೊರ್ತೆ ಇಲ್ಲ ಮಗ. ತುಂಬ್ಯದ. ನಮ್ ಮಕ್ಕಳ್ಗ ಒಟ್ಟೆ ತುಂಬ ಅದ."

ಅದನ್ನು ಸರ್ಕಾರದ ಭಾಷೆಯಾದ ತಮಿಳಿನಲ್ಲಿ ಬರೆದು, ಕನ್ನಡದಲ್ಲಿ ಓದಿ ಹೇಳಿದೆ. ಅವಳು ಹೆಬ್ಬೆರಳು ಒತ್ತಲಿಲ್ಲ, ಸಹಿ ಮಾಡಿದಳು. ನಮ್ಮ ಜೊತೆ ಕೂತು ನಾವು ಸ್ಲೇಟಿನಲ್ಲಿ ತೀಡುವುದನ್ನು ನೋಡುತ್ತಾ ಕಲಿತ ಸಹಿ. ಒಂದೊಂದೇ ಅಕ್ಷರ ಬರೆದು ಮುಗಿಸಿ, "ಸರಿಯಾಗದಾ?" ಎಂದು ಕೇಳಿದಳು. ಸರಿಯಾಗಿದೆ ಎಂದೆ.

ಹೊರಗೆ ಬಂದ ಮೇಲೆ, ಕೈ ತೊಳೆದು, ತಗ್ಗಿದ ದನಿಯಲ್ಲಿ ಹೇಳಿದಳು.

"ಈ ವರ್ಸ ಆರು ಕಣ ಎದ್ದೇ ಇಲ್ಲ ಕಣಪ್ಪ. ದೊಡ್ಡಗಾಜನೂರ್ ಕಡೆಯೋರ್ ನೋಡ್ಕಂಡು ಇಲ್ಲೂ ಕೋಸು ಆಕ್ಬುಟ್ರು. ಕೋಸ್ಗ ಕಣ ಉಂಟಾ? ಒಲದಿಂದ ಅಂಗೇ ಲಾರಿಗ ತುಂಬ್ಕಂಡು ಓಯ್ತಾರ. ನಾನು ಕುಕ್ಕೆ ಇಡ್ಕಂಡು ಎಲ್ಲಿ ನಿಂತ್ಕಳ್ಳಿ? ಇನ್ ಎರಡ್ ವರ್ಸಕ್ಕ ಏನ್ ಮಾಡದೋ ಗೊತ್ತಿಲ್ಲ. ನೀನು ಸರ್ಕಾರದೋರ್ಗ ಒಂದ್ ಮಾತ್ ಏಳು."

ಪೆನ್ನಿನ ಮುಚ್ಚಳ ಅಷ್ಟರಲ್ಲಿ ಹಾಕಿಯಾಗಿತ್ತು. "ಹೇಳ್ತೀನಿ," ಎಂದೆ.

ಊಟಕ್ಕೆ ಬಿಸಿ ಮುದ್ದೆ, ಉಪ್ಪೆಸರು. ಎರಡು ಮುದ್ದೆ ಉಂಡೆ. ಉಣ್ಣುವಾಗ ಏನೂ ಅನ್ನಿಸಲಿಲ್ಲ, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಮೂನೆಯ ಕೊನೆಯ ಅಂಕಣ ಖಾಲಿಯಿತ್ತು. ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಬಂದ ವಾರ್ಡನ್ ಆ ಕಾಗದವನ್ನು ಇಣುಕಿ ನೋಡಿದರು. ಅವರೂ ನಮ್ಮ ಕಡೆಯವರೇ, ಬೇಸಾಯದ ಮನೆಯವರು.

"ಸಾರ್, ರಾಗಿ ವಿಸ್ಯ ಮಾತ್ರ ಬರೀಬೇಡಿ," ಎಂದು ಕೈ ಜೋಡಿಸಿದರು. "ಆ ರಾಗಿ ನಮ್ ಲೆಕ್ಕದ ಕಣಕ್ಕು ಪುಸ್ತಕದಲ್ಲಿ ಇಲ್ಲ. ರಸೀತಿ ಇಲ್ದೆ ಊರೋರ್ ತವು ಯಾಕ್ ಈಸ್ಕಂಡೆ ಅಂತ ಆಡಿಟ್ನೋರು ನನ್ ಕುತ್ಗೆ ಇಡೀತಾರ. ಈಸ್ಕಂಡಿದ್ದು ನಾನ್ ತಿನ್ನಕ್ಕಲ್ಲ, ನಿಮ್ಗೇ ಗೊತ್ತಲ್ಲ."

ನನಗೆ ಬೇಕಾಗಿದ್ದೂ ಅದೇ. ಯಾರಾದರೂ ಬಂದು ಬರೆಯಬೇಡಿ ಎನ್ನಬೇಕಿತ್ತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು 'ಇತರ ಮೂಲಗಳು' ಎಂಬುದರ ಎದುರು 'ಇಲ್ಲ' ಎಂದು ಬರೆದೆ. ಒಬ್ಬ ಪ್ರಾಮಾಣಿಕ ಮನುಷ್ಯನ ನೌಕರಿ ಉಳಿಸಿದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳೂ ಅಲ್ಲ. ಆದರೆ ವಾರ್ಡನ್‌ರನ್ನು ಉಳಿಸಬೇಕಿದ್ದರೆ ಆ ಹಾಸ್ಟೆಲ್‌ನ ಕಾಗದವನ್ನೇ ಹಿಂದೆಗೆದುಕೊಂಡು, ಇದು ಉದಾಹರಣೆಗೆ ಬರುವಂಥದ್ದಲ್ಲ ಎಂದು ಒಂದು ಸಾಲು ಬರೆದರೆ ಸಾಕಿತ್ತು. ಆ ಸಾಲು ನನಗೆ ಹೊಳೆಯಲಿಲ್ಲ ಎಂದರೆ ನಂಬಬೇಡಿ. ದಿಂಬಂ ಇಳಿಯುವಾಗಲೇ ಹೊಳೆದಿತ್ತು.

ಸಭೆ ನಡೆದ ದಿನ ಇಲಾಖೆಯ ನಿರ್ದೇಶಕರು ತಯಾರಾಗಿ ಬಂದಿದ್ದರು. ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಬೇಳೆ, ಕಡಲೆ, ಪುಟ್ಟ ಸೀಸೆಯಲ್ಲಿ ಎಣ್ಣೆ ತಂದು ಮೇಜಿನ ಮೇಲೆ ಇಟ್ಟರು. "ಈಗಿನ ದರದಲ್ಲಿ ಒಂದು ಮಗುವಿಗೆ ಒಂದು ದಿನಕ್ಕೆ ಬರುವುದು ಇಷ್ಟೇ. ನಿಮ್ಮ ಮನೆಯ ಮಗುವಿಗೆ ಇಷ್ಟು ಸಾಕೇ, ನೀವೇ ಹೇಳಿ," ಎಂದರು. ಕೋಣೆಯಲ್ಲಿ ಎಲ್ಲರೂ ಆ ಪೊಟ್ಟಣಗಳನ್ನೇ ನೋಡುತ್ತಿದ್ದರು. ಮೇಲಿನ ಅಧಿಕಾರಿಗಳು ಮೆತ್ತಗಾಗುತ್ತಿದ್ದದ್ದು ನನಗೆ ಕಂಡಿತು. ಇನ್ನು ಐದು ನಿಮಿಷ ನಾನು ಸುಮ್ಮನಿದ್ದಿದ್ದರೆ ದರ ಏರುತ್ತಿತ್ತು.

ಉಪಕಾರ್ಯದರ್ಶಿಗಳು ನನ್ನ ಕಡೆ ತಿರುಗಿದರು. "ಹಣ ಮಿಗಿಸುವ ಆ ಬೆಟ್ಟದ ಹಾಸ್ಟೆಲ್‌ಗೆ ಇತರ ಮೂಲ ಏನೂ ಇಲ್ಲ ತಾನೇ? ನೀವು ಸ್ವತಃ ನೋಡಿದಿರಿ?"

"ಇಲ್ಲ ಸರ್. ಅಡುಗೆಯವರ ಹೇಳಿಕೆಯೂ ಇದೆ," ಎಂದು ದೊಡ್ಡವ್ವನ ಸಹಿಯಿದ್ದ ಹಾಳೆಯನ್ನು ಮುಂದಕ್ಕೆ ಸರಿಸಿದೆ.

ನಿರ್ದೇಶಕರು ಅದನ್ನು ಎರಡು ಸಲ ಓದಿದರು. ತಮ್ಮದೇ ಇಲಾಖೆಯ ಅಡುಗೆಯವಳು ಕೊರತೆ ಇಲ್ಲ ಎಂದಿದ್ದಳು. ಪೊಟ್ಟಣಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡರು. ರಾಜ್ಯಕ್ಕೆಲ್ಲ ದರ ಏರಿಕೆ ಇಲ್ಲ ಎಂದು ತೀರ್ಮಾನವಾಯಿತು. ಅಷ್ಟೇ ಅಲ್ಲ, ವರ್ಷ ವರ್ಷ ಉಳಿಸುವ ಹಾಸ್ಟೆಲ್‌ಗೆ ಆ ಉಳಿಯುವಷ್ಟನ್ನು ಮೊದಲೇ ಕಡಿಮೆ ಕೊಡಬಹುದೆಂದು ಯಾರೋ ಸೂಚಿಸಿದರು. ಅದೂ ಬರಹಕ್ಕೆ ಬಂತು, ನನ್ನ ಕೈಯಲ್ಲೇ ಬಂತು.

ಆ ವರ್ಷದ ಆಯವ್ಯಯ ಹೇಗೋ ಸರಿಹೊಂದಿತು. ಕೊರತೆಯ ಗಾತ್ರದ ಮುಂದೆ ನಾನು ಉಳಿಸಿದ್ದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಇಷ್ಟಕ್ಕೆ ಇದನ್ನೆಲ್ಲ ಮಾಡಿದೆನೇ ಎಂದು ನನಗೆ ಅರ್ಥವಾಗಿದ್ದು ಲೆಕ್ಕವೆಲ್ಲ ಒಂದೆಡೆ ಸೇರಿ ಅಚ್ಚಾಗಿ ಬಂದ ಮೇಲೆ. ಉಪಕಾರ್ಯದರ್ಶಿಗಳು ಎಲ್ಲರಿಗೂ ಕಾಫಿ, ವಡೆ ತರಿಸಿದರು. ನನ್ನ ಬೆನ್ನು ತಟ್ಟಿ, "ನಿಮ್ಮ ಬೆಟ್ಟದವರು ದೇಶಕ್ಕೇ ಪಾಠ ಹೇಳಬೇಕು," ಎಂದರು. ವಡೆ ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಇಳಿಯಿತು.

ನಾಲ್ಕು ವರ್ಷ ಊರ ಕಡೆ ತಲೆ ಹಾಕಲಿಲ್ಲ. ರಜೆ ಸಿಗುವುದಿಲ್ಲ ಎನ್ನುತ್ತಿದ್ದೆ. ತಂಗಿಯ ಮಗುವಿನ ನಾಮಕರಣಕ್ಕೆ ಹೋಗದೆ ಇರಲಾಗಲಿಲ್ಲ. ತಾಳವಾಡಿಯಲ್ಲಿ ಬಸ್ಸಿಳಿದು ನಡೆದರೆ ದಾರಿಯ ಎರಡೂ ಕಡೆ ಕೋಸು, ಬಾಳೆ, ಅರಿಶಿನ. ಊರು ಕೆಟ್ಟಿರಲಿಲ್ಲ. ಹಾಗೆ ನೋಡಿದರೆ ಚೆನ್ನಾಗಿಯೇ ಇತ್ತು, ಮನೆಗಳಿಗೆ ತಾರಸಿ ಬಂದಿತ್ತು. ಕಣಗಳಿದ್ದ ಜಾಗದಲ್ಲಿ ಕೋಸಿನ ಮೂಟೆ ತೂಗುವ ತಕ್ಕಡಿ ನಿಂತಿತ್ತು.

ವಾರ್ಡನ್ ದಾರಿಯಲ್ಲೇ ಸಿಕ್ಕಿದರು. ಊಟದ ದರ ಏರಿಸಿ ಎಂದು ಎರಡು ಸಲ ಬರೆದರಂತೆ. ಎರಡು ಸಲವೂ ದೊಡ್ಡವ್ವನ ಹೇಳಿಕೆಯ ಪ್ರತಿಯನ್ನೇ ಲಗತ್ತಿಸಿ ಉತ್ತರ ಬಂತಂತೆ. "ನಾನು ಬುದ್ಧಿಗೆಟ್ಟು ಅದನ್ನ ಆವಮ್ಮನಿಗೆ ಓದಿ ಏಳ್ಬುಟ್ಟೆ ಸಾರ್," ಎಂದರು. "ಆವತ್ತಿಂದ ಆವಮ್ಮ ಆಸ್ಟೆಲ್‌ನಲ್ಲಿ ಮದ್ದಾನದ ಊಟ ಮಾಡದಿಲ್ಲ. ಅಡ್ಗೆಯೋಳ್ ಪಾಲು ಅಂತ ಒಂದ್ ಮುದ್ದೆ ಉಂಟಲ್ಲ, ಅದ್ನ ಚಿಕ್ಕ ಮಕ್ಕಳ್ಗ ಮುರ್ದು ಆಕ್ಬುಡ್ತದ."

ಹಾಸ್ಟೆಲ್‌ಗೆ ಹೋಗಲು ಮನಸ್ಸು ಬರಲಿಲ್ಲ. ಆದರೂ ಹೋದೆ. ಭಾನುವಾರದ ಮಧ್ಯಾಹ್ನ, ಮಕ್ಕಳು ಉಂಡು ಎದ್ದಿದ್ದರು. ದೊಡ್ಡವ್ವ ಪಾತ್ರೆ ತೊಳೆಯುತ್ತಿದ್ದಳು. ತೋಳು ಕಡ್ಡಿಯಾಗಿತ್ತು. ನನ್ನನ್ನು ನೋಡಿ ಮುಖ ಅರಳಿತು, ಮರುಗಳಿಗೆಯಲ್ಲೇ ಬಾಡಿತು.

"ಬಾ ಮಗ. ನೀನು ಬಂದಿದ್ದು ಒಳ್ಳೇದಾಯ್ತು. ನಿನ್ನೇ ಕೇಳ್ಬೇಕು ಅಂತಿದ್ದೆ. ಆವತ್ತು ನಾನು ಸಯಿ ಮಾಡ್ದೆನಲ್ಲ, ಅದ್ರಿಂದ್ಲೇ ಅಲ್ವಾ ಇದೆಲ್ಲ? ಕೊರ್ತೆ ಇಲ್ಲ ಅಂದ್ಬುಟ್ಟೆ. ಜಂಬ ಕಣಪ್ಪ ನಂದು. ಮಕ್ಕಳ ಅನ್ನ ನನ್ ಬಾಯೇ ಕಿತ್ಕತ್ತು."

ಅವಳ ಎದುರು ಕುಕ್ಕರಗಾಲಲ್ಲಿ ಕೂತೆ. ನಾಲ್ಕು ವರ್ಷದಿಂದ ಹೇಳಲು ತಯಾರು ಮಾಡಿಕೊಂಡಿದ್ದ ಮಾತುಗಳೆಲ್ಲ ಕಡತದ ಭಾಷೆಯಲ್ಲಿದ್ದವು, ಒಂದೂ ಪ್ರಯೋಜನಕ್ಕೆ ಬರಲಿಲ್ಲ.

"ನಿನ್ ಬಾಯಲ್ಲ ದೊಡ್ಡವ್ವ, ನಾನು," ಎಂದೆ. "ಉಗ್ರಾಣದಲ್ಲಿ ನಿಂತ್ಕಂಡು ಕೇಳುದ್ರೆ ನೀನು ಕಮ್ಮಿ ಅನ್ನದಿಲ್ಲ ಅಂತ ನಂಗೊತ್ತಿತ್ತು. ಬೇಕಂತ್ಲೇ ಅಲ್ಲಿ ಕೇಳ್ದೆ. ಕಣದ ರಾಗಿ ವಿಸ್ಯ ಬರೀಲಿಲ್ಲ. ಕೋಸಿನ ವಿಸ್ಯ ನೀನು ಏಳುದ್ರೂ ಬರೀಲಿಲ್ಲ. ಆ ಕಾಗ್ದ ಇಟ್ಕಂಡು ದರ ಏರಿಸ್ಬೇಡಿ ಅಂದೋನೂ ನಾನೇ."

ಅವಳು ತೊಳೆಯುತ್ತಿದ್ದ ಪಾತ್ರೆ ಕೆಳಗಿಟ್ಟು ನನ್ನನ್ನೇ ನೋಡಿದಳು. ಬೈಯಲಿ, ಕೈಯಲ್ಲಿದ್ದ ಬೂದಿಯನ್ನು ಮುಖಕ್ಕೆ ಎರಚಲಿ ಎಂದು ಕಾದೆ. ಅವಳ ಕಣ್ಣು ತುಂಬಿತು.

"ಎಂಥ ಮನ್ಸಪ್ಪ ನಿಂದು," ಎಂದಳು. "ಮುದ್ಕಿ ನೊಂದ್ಕಂಡಾಳು ಅಂತ ನನ್ ಪಾಪನ ನಿನ್ ತಲೆ ಮ್ಯಾಲ ಆಕ್ಕತ್ತಿದ್ದಯಲ್ಲ."

"ಸಮಾಧಾನಕ್ಕೆ ಅಂದಿದ್ದಲ್ಲ ದೊಡ್ಡವ್ವ. ನಿಜವಾಗ್ಲೂ ನಾನೇ."

"ಸುಮ್ಕಿರ್ಲಾ. ನಾನ್ ಮುದ್ದೆ ಇಕ್ಕಿ ಬೆಳ್ಸುದ್ ಮಗ ನೀನು, ನಂಗೊತ್ತಿಲ್ವಾ? ನೀನು ಅಂಗೆ ಮಾಡ್ತಿದ್ಯಾ?"

ಕೈ ತೊಳೆದು ಒಳಗೆ ಹೋದಳು. ಒಂದು ತಟ್ಟೆಯಲ್ಲಿ ಒಂದು ಮುದ್ದೆ, ಸ್ವಲ್ಪ ಸಾರು ತಂದು ನನ್ನ ಮುಂದಿಟ್ಟಳು. ಮೊದಲಿನ ಮುದ್ದೆಯ ಅರ್ಧದಷ್ಟಿತ್ತು. "ಉಣ್ಣು, ಆರೋಯ್ತದ," ಎಂದಳು.

ಅದು ಅವಳ ಪಾಲಿನದು, ಚಿಕ್ಕ ಮಕ್ಕಳಿಗೆ ಮುರಿದು ಹಾಕಲು ಎತ್ತಿಟ್ಟದ್ದು ಎಂದು ನನಗೆ ಗೊತ್ತಿತ್ತು. ಅವಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಉಂಡೆ.